ತಜ್ಞರ ಉತ್ತರ: ಪ್ರ್ಯಾಕ್ಟಿಕಲ್ ಶೂಟಿಂಗ್‌ಗೆ ಯಾವ ಪಿಸ್ತೂಲು ಕೊಳ್ಳಲಿ?

ಪ್ರಶ್ನೆ: ನಾನು ಸಿಂಧನೂರಿನವನು, ವಯಸ್ಸು 27, ಭತ್ತದ ವ್ಯಾಪಾರ. ಓಡುತ್ತ, ತಿರುಗುತ್ತ ಕಾಗದದ ಗುರಿಗಳಿಗೂ ಉಕ್ಕಿನ ತಟ್ಟೆಗಳಿಗೂ ಹೊಡೆಯುವ ಪ್ರ್ಯಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳನ್ನು ವಿಡಿಯೊದಲ್ಲಿ ನೋಡಿ ಆಸೆ ಹುಟ್ಟಿದೆ. 9 ಎಂಎಂ ಗ್ಲಾಕ್ ಅಥವಾ ಸಿಝಡ್ ತಗೋಬೇಕು ಅಂತಿದ್ದೇನೆ. ಅದು ಸಿಗದಿದ್ದರೆ ಕಾನ್ಪುರದ .32 ರಿವಾಲ್ವರ್ ತಗೊಂಡು ಶುರು ಮಾಡು ಅಂತ ಗೆಳೆಯರು ಹೇಳ್ತಾರೆ. ನಾನು ಎಡಚ, ಕೈ ಸಣ್ಣದು, ಕನ್ನಡಕವಿದೆ. ಎರಡು ಲಕ್ಷದವರೆಗೆ ಹಾಕಬಲ್ಲೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನೀವು ಈಗ ಕೊಳ್ಳಬೇಕಾದದ್ದು ಎಡಗೈ ಹಿಡಿಕೆಯ, ಸಣ್ಣ ಅಳತೆಯ, 4.5 ಮಿ.ಮೀ. ಮ್ಯಾಚ್ ಏರ್ ಪಿಸ್ತೂಲು, ಅಂದರೆ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ, ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು. ಓಡುವ ಆಟ ಕೇಳಿದವರಿಗೆ ನಿಂತು ಹೊಡೆಯುವ ಆಟದ ಸಾಮಾನು ತೋರಿಸುತ್ತಿದ್ದೇನೆ ಅನ್ನಿಸಬಹುದು. ಕಾರಣ ಹೇಳುತ್ತೇನೆ, ಪೂರ್ತಿ ಓದಿ.

9 ಎಂಎಂ ವಿಷಯವನ್ನು ಮೊದಲು ಮುಗಿಸೋಣ. ಸೇನೆ, ಪೊಲೀಸರು ಬಳಸುವ 9 ಎಂಎಂ ಗುಂಡು ಹಾಕಿ ಹಾರಿಸಬಹುದಾದ ಪಿಸ್ತೂಲೆಲ್ಲ ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ನಳಿಕೆ ಅಳತೆ. ಅದರ ಅನುಮತಿ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವಂಥದ್ದಲ್ಲ, ಕೇಂದ್ರ ಗೃಹ ಸಚಿವಾಲಯದ ಮಟ್ಟದ್ದು. ಹವ್ಯಾಸವೆಂಬ ಕಾರಣಕ್ಕೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ‘ಕಾಗದಪತ್ರ ನಾನು ಮಾಡಿಸಿಕೊಡ್ತೀನಿ’ ಎನ್ನುವವರು ಎದುರಾದರೆ ಅಲ್ಲಿಂದಲೇ ಎದ್ದು ಬನ್ನಿ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ನಿಷೇಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು.

ಇನ್ನು ಗೆಳೆಯರು ಹೇಳುವ .32 ರಿವಾಲ್ವರ್. ಅದು ನಿಷೇಧಿತವಲ್ಲ, ಲೈಸೆನ್ಸ್ ಇದ್ದರೆ ಸಿಗುತ್ತದೆ. ಆದರೆ ನೀವು ನೋಡಿದ ಆಟಕ್ಕೆ ಅದು ಕೆಲಸಕ್ಕೆ ಬಾರದು. ಆ ಆಟವನ್ನು ನಡೆಸುವುದು ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿದ್ದು. ಜೆಫ್ ಕೂಪರ್ ಮೊದಲ ಅಧ್ಯಕ್ಷ. ನಿಖರತೆ, ಶಕ್ತಿ, ವೇಗ ಈ ಮೂರನ್ನೂ ಒಟ್ಟಿಗೆ ತೂಗುವುದು ಅದರ ಮೂಲ ಸೂತ್ರ. ಶಕ್ತಿಯನ್ನು ‘ಪವರ್ ಫ್ಯಾಕ್ಟರ್’ ಎಂಬ ಲೆಕ್ಕದಿಂದ ಅಳೆಯುತ್ತಾರೆ: ಗ್ರೇನ್‌ನಲ್ಲಿ (ಗುಂಡು ತೂಗುವ ಸಣ್ಣ ಅಳತೆ) ಗುಂಡಿನ ತೂಕ, ಅದಕ್ಕೆ ಸೆಕೆಂಡಿಗೆ ಅಡಿಗಳಲ್ಲಿ ವೇಗ ಗುಣಿಸಿ, 1000ದಿಂದ ಭಾಗಿಸಿ. ಕನಿಷ್ಠ 125 ಬರಬೇಕು. 124 ಗ್ರೇನ್‌ನ 9 ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130, ಪಾಸು. 98 ಗ್ರೇನ್‌ನ .32 ಗುಂಡು ಸುಮಾರು 700 ಅಡಿ ವೇಗದಲ್ಲಿ ಹೋಗುತ್ತದೆ. ಲೆಕ್ಕ ಹಾಕಿದರೆ 69ರ ಆಸುಪಾಸು. ಅರ್ಧ ದಾರಿಗಿಂತ ಸ್ವಲ್ಪ ಮುಂದೆ, ಅಷ್ಟೇ. ಅದೂ ಅಲ್ಲದೆ 9×19, ಅಂದರೆ ಆ 9 ಎಂಎಂ ಗುಂಡಿಗಿಂತ ಚಿಕ್ಕ ಗುಂಡಿಗೆ ಅಲ್ಲಿ ಪ್ರವೇಶವೇ ಇಲ್ಲ.

ಸರಿ, ಪ್ರ್ಯಾಕ್ಟಿಕಲ್‌ಗೆ ಬೇಡ, 25 ಮೀಟರ್ ಸ್ಪರ್ಧೆಗಾದರೂ ಆದೀತೇ? ಅದಕ್ಕೂ ಆಗದು. ಆ ರಿವಾಲ್ವರಿನ ನಳಿಕೆ 3 ಇಂಚು. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 115 ಮಿ.ಮೀ. ಅಂತರವಿದೆ ಎಂದುಕೊಳ್ಳಿ. ಸೈಟು ಅರ್ಧ ಮಿಲಿಮೀಟರ್ ಓರೆಯಾದರೆ 25 ಮೀಟರ್ ದೂರದಲ್ಲಿ ಗುಂಡು 109 ಮಿ.ಮೀ. ಆಚೆ ಬೀಳುತ್ತದೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಈ ಅಂತರ 220 ಮಿ.ಮೀ.ವರೆಗೆ ಇರಬಹುದು, ಅಷ್ಟೇ ತಪ್ಪಿಗೆ 57 ಮಿ.ಮೀ. 25 ಮೀಟರ್ ನಿಖರತೆಯ ಗುರಿಯಲ್ಲಿ ಹತ್ತು ಅಂಕ ಕೊಡುವ ನಡುವಣ ವೃತ್ತದ ಅಗಲವೇ 50 ಮಿ.ಮೀ. ಎಂಬುದನ್ನು ನೆನಪಿಡಿ. ಕಲಿಯುವವನ ಕೈಗೆ ಗಿಡ್ಡ ನಳಿಕೆ ಕೊಟ್ಟರೆ ತನ್ನ ತಪ್ಪು ಯಾವುದು, ಆಯುಧದ ತಪ್ಪು ಯಾವುದು ಎಂಬುದೇ ಅವನಿಗೆ ತಿಳಿಯುವುದಿಲ್ಲ. ರಿವಾಲ್ವರು ಮನೆಯ ರಕ್ಷಣೆಗೆಂದು ಮಾಡಿದ ವಸ್ತು. ಇನ್ನೊಂದು ನಷ್ಟವೂ ಇದೆ: 2019ರ ತಿದ್ದುಪಡಿಯಂತೆ ಸಾಮಾನ್ಯ ಲೈಸೆನ್ಸ್‌ದಾರರು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ಶೂಟರ್‌ಗಳಿಗೆ ಅವರ ಅರ್ಹತೆಗೆ ತಕ್ಕ ವಿನಾಯಿತಿ ಉಂಟು, ಆದರೆ ಅದು ಸ್ಪರ್ಧೆಯಲ್ಲಿ ಅಂಕ ತೋರಿಸಿದ ಮೇಲಿನ ಮಾತು. ಇರುವ ಎರಡು ಜಾಗದಲ್ಲಿ ಒಂದನ್ನು ಹೀಗೆ ಕಳೆಯಬೇಡಿ.

ಹಾಗಾದರೆ ವೇಗದ ಆಟ ಕನಸೇ ಆಗಿ ಉಳಿಯಿತೇ? ಇಲ್ಲ. ಆ ಆಟದಲ್ಲಿ ಗೆಲುವು ಹೇಗೆ ಸಿಗುತ್ತದೆ ಎಂಬುದನ್ನು ನೋಡಿ. ಕಾಗದದ ಗುರಿಯ ನಡುವಣ ‘ಎ’ ವಲಯಕ್ಕೆ 5 ಅಂಕ. 9 ಎಂಎಂ ಸೇರುವ ಮೈನರ್ ವರ್ಗದಲ್ಲಿ (ಪವರ್ ಫ್ಯಾಕ್ಟರ್ ಕನಿಷ್ಠ 125ರ ವರ್ಗ) ಅದರ ಸುತ್ತಲಿನ ‘ಸಿ’ಗೆ 3, ‘ಡಿ’ಗೆ 1. ಗುರಿ ತಪ್ಪಿದರೆ 10 ಅಂಕ ಕಡಿತ. ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ‘ಹಿಟ್ ಫ್ಯಾಕ್ಟರ್’. 24 ಗುಂಡಿನ ಒಂದು ಹಂತದಲ್ಲಿ ಎಲ್ಲ ‘ಎ’ ಹೊಡೆದು 20 ಸೆಕೆಂಡ್ ತೆಗೆದುಕೊಂಡವರಿಗೆ 120 ಭಾಗಿಸು 20, ಅಂದರೆ 6. ಇನ್ನೊಬ್ಬರು 17 ಸೆಕೆಂಡಿನಲ್ಲೇ ಮುಗಿಸಿದರು, ಆದರೆ ಒಂದು ಗುಂಡು ತಪ್ಪಿತು: 115ರಲ್ಲಿ 10 ಹೋಗಿ 105, ಭಾಗಿಸು 17, ಅಂದರೆ 6.18. ಮೂರು ಸೆಕೆಂಡ್ ಓಡಿ ಗಳಿಸಿದ್ದನ್ನು ಒಂದೇ ಗುಂಡು ಹೆಚ್ಚುಕಡಿಮೆ ಪೂರ್ತಿ ನುಂಗಿತು. ವಿಡಿಯೊದಲ್ಲಿ ಕಾಣುವುದು ಓಟ. ಅಂಕ ಕೊಡುವುದು ಸೈಟು ಅಲುಗದಂತೆ ಟ್ರಿಗರ್ ಒತ್ತುವ ಬೆರಳು. ಆ ಬೆರಳನ್ನು ಸಿಂಧನೂರಿನ ನಿಮ್ಮ ಗೋದಾಮಿನಲ್ಲೇ ತಯಾರು ಮಾಡಬಹುದು, ಅದೂ ಲೈಸೆನ್ಸ್ ಇಲ್ಲದೆ. 4.5 ಮಿ.ಮೀ. ಅಂದರೆ .177 ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಮ್ಯಾಚ್ ಏರ್ ಪಿಸ್ತೂಲಿನ ಶಕ್ತಿ 6 ಜೂಲ್ ಆಸುಪಾಸಿನಲ್ಲಿರುತ್ತದೆ. ಗುರುತಿನ ಚೀಟಿ ತೋರಿಸಿ ಕೊಳ್ಳಿ, ಬಿಲ್ಲಿನ ಪ್ರತಿ ಸದಾ ಪೆಟ್ಟಿಗೆಯಲ್ಲಿರಲಿ.

ಈಗ ಆಯ್ಕೆಗೆ ಬರೋಣ. ಸ್ಟೈಯರ್, ವಾಲ್ಥರ್, ಮೊರಿನಿ, ಫೈನ್‌ವರ್ಕ್‌ಬೌ, ಪರ್ದಿನಿ ಈ ಕಂಪನಿಗಳ ಪಿಸ್ತೂಲಿನ ನಳಿಕೆಗಳಲ್ಲಿ ಆರಂಭಿಕರಿಗೆ ತಿಳಿಯುವಷ್ಟು ವ್ಯತ್ಯಾಸವೇನೂ ಇಲ್ಲ. ಎಲ್ಲವೂ ನಿಮಗಿಂತ ಚೆನ್ನಾಗಿಯೇ ಹೊಡೆಯುತ್ತವೆ. ವ್ಯತ್ಯಾಸ ಇರುವುದು ಹಿಡಿಕೆಯಲ್ಲಿ. ಚಪ್ಪಲಿ ಕೊಳ್ಳುವಾಗ ಕಾಲಿಟ್ಟು ನೋಡುವವರು ಪಿಸ್ತೂಲು ಕೊಳ್ಳುವಾಗ ಮಾತ್ರ ಹೆಸರು ನೋಡುತ್ತಾರೆ.

ಹಿಡಿಕೆ ನೋಡುವ ಕ್ರಮ ಹೀಗೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಣ ಕವಲು ಹಿಡಿಕೆಯ ಹಿಂಬದಿಯ ಮೇಲ್ತುದಿಗೆ ಸಂದಿಲ್ಲದೆ ಕೂರಬೇಕು. ಟ್ರಿಗರ್ ಮೇಲೆ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗದ ನಡುಮಧ್ಯ ಬರಬೇಕು. ತುದಿಯೂ ಅಲ್ಲ, ಮಡಿಕೆಯೂ ಅಲ್ಲ. ಬೆರಳಿನ ಉಳಿದ ಭಾಗ ಹಿಡಿಕೆಯ ಮರಕ್ಕೆ ತಾಗಬಾರದು, ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗವಿರಲಿ. ತಾಗಿದರೆ ಪ್ರತಿ ಸಲ ಒತ್ತುವಾಗಲೂ ಬೆರಳು ಪಿಸ್ತೂಲನ್ನೇ ಪಕ್ಕಕ್ಕೆ ತಳ್ಳುತ್ತದೆ. ನಿಮ್ಮ ಕೈ ಸಣ್ಣದು, ದೊಡ್ಡ ಹಿಡಿಕೆ ತೆಗೆದುಕೊಂಡರೆ ಆಗುವುದು ಇದೇ: ಬೆರಳು ಟ್ರಿಗರ್ ಮುಟ್ಟಲೆಂದು ಅಂಗೈ ತಿರುಗಿಸುತ್ತೀರಿ, ಮಣಿಕಟ್ಟು ಸೊಟ್ಟಗಾಗುತ್ತದೆ.

ಆಮೇಲೆ ಕಣ್ಣು ಮುಚ್ಚುವ ಪರೀಕ್ಷೆ. ಖಾಲಿ ಪಿಸ್ತೂಲು ಹಿಡಿದು, ಗುರಿಯತ್ತ ನಿಂತು, ಕಣ್ಣು ಮುಚ್ಚಿ ತೋಳನ್ನು ನಿಧಾನವಾಗಿ ಎತ್ತಿ. ಎರಡು ಸಲ ಉಸಿರಾಡುವಷ್ಟು ಹೊತ್ತು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಂಡಿಯ ನಡುವೆ ತಾನಾಗಿ ಬಂದು ನಿಂತಿದ್ದರೆ ಹಿಡಿಕೆ ನಿಮ್ಮದು. ಹತ್ತು ಸಲ ಮಾಡಿ. ಹತ್ತರಲ್ಲಿ ಎಂಟು ಸಲ ಮುಂದಿನ ಸೈಟು ಒಂದೇ ಕಡೆ ಓಡಿದರೆ ಮಣಿಕಟ್ಟು ತಿರುಗಿಸಿ ಸರಿಮಾಡಬೇಡಿ. ಹಿಡಿಕೆಯ ಕೋನ ಹೊಂದಿಸುವ ತಿರುಪುಗಳನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಸಣ್ಣಪುಟ್ಟ ಸಂದಿಗೆ ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ ಪುಟ್ಟಿ ಸಾಕು: ಹಚ್ಚಿ, ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹಿಡಿದು ಅಚ್ಚು ಮೂಡಿಸಿ, ಒಂದು ದಿನ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ. ಹಿಡಿಕೆ ಮಣಿಕಟ್ಟನ್ನು ಮಾತ್ರ ಮುಟ್ಟಬಾರದು, ನಿಯಮ ಒಪ್ಪುವುದಿಲ್ಲ. ಬಲಗೈ ಹಿಡಿಕೆಯನ್ನು ಕೆತ್ತಿ ಎಡಗೈಗೆ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಅಂಗೈ ಉಬ್ಬು, ಹೆಬ್ಬೆರಳ ತಾಣ ಎರಡೂ ತಿರುಗುಮುರುಗು; ಕೆತ್ತಿದಷ್ಟೂ ಮರ ತೆಳ್ಳಗಾಗುತ್ತದೆಯೇ ಹೊರತು ಹೊಂದುವುದಿಲ್ಲ. ಎಡಗೈ ಹಿಡಿಕೆಯನ್ನು ಬೇರೆಯಾಗಿಯೇ ತರಿಸಿ, ಕಾಯಬೇಕಾದರೆ ಕಾಯಿರಿ.

ಟ್ರಿಗರ್ ವಿಷಯ. 10 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ತಡೆಯಬೇಕು. ಪಿಸ್ತೂಲು 1500 ಗ್ರಾಂ ಮೀರಬಾರದು. ತಪಾಸಣೆಯಲ್ಲಿ 500 ಗ್ರಾಂ ಬಟ್ಟನ್ನು ಟ್ರಿಗರ್‌ಗೆ ನೇತುಹಾಕಿ ಎತ್ತುತ್ತಾರೆ. ಮನೆಯಲ್ಲೂ ಮಾಡಬಹುದು: ನೀರಿನ ಬಾಟಲಿಗೆ ತಂತಿಯ ಕೊಕ್ಕೆ ಕಟ್ಟಿ, ಕೊಕ್ಕೆ ಸಮೇತ ನಿಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 515 ಗ್ರಾಂ ಬರುವಷ್ಟು ನೀರು ತುಂಬಿ. ನಳಿಕೆ ನೇರ ಮೇಲಕ್ಕಿರಲಿ, ಒಳಗೆ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಇರಬಾರದು. ಬಾಟಲಿ ಎತ್ತಿದಾಗ ಟ್ರಿಗರ್ ಬಿಡದಿದ್ದರೆ ಸರಿ. ಸರಿಯಾಗಿ 500ಕ್ಕೆ ಇಟ್ಟುಕೊಂಡು ಹೋದವರು ಸ್ಪರ್ಧೆಯ ಬೆಳಿಗ್ಗೆ ತಪಾಸಣೆ ಮೇಜಿನ ಮುಂದೆ ತಿರುಪುಳಿ ಹುಡುಕುತ್ತ ನಿಲ್ಲಬೇಕಾಗುತ್ತದೆ. ಟ್ರಿಗರ್ ಎಳೆತ ಎರಡು ಹಂತದ್ದು. ಒಟ್ಟು ಎಳೆತದಲ್ಲಿ ಮೊದಲ ಹಂತಕ್ಕೆ 350–400 ಗ್ರಾಂ, ಕೊನೆಯ ಹಂತಕ್ಕೆ ಉಳಿದದ್ದು: ಹೀಗೆ ಹಂಚಿಕೊಂಡರೆ ಬೆರಳು ‘ಗೋಡೆ’, ಅಂದರೆ ಮೊದಲ ಹಂತ ಮುಗಿದು ಎಳೆತ ಬಿಗಿಯಾಗುವ ಜಾಗ ಮುಟ್ಟಿದ್ದು ಚೆನ್ನಾಗಿ ತಿಳಿಯುತ್ತದೆ.

ಎರಡು ಲಕ್ಷವನ್ನೂ ಪಿಸ್ತೂಲಿಗೇ ಸುರಿಯಬೇಡಿ. ಪಿಸ್ತೂಲು, ಹಿಡಿಕೆಗೆ ಮುಕ್ಕಾಲು ಭಾಗ; ಉಳಿದದ್ದು ಗಾಳಿ ತುಂಬುವ ಪಂಪು, ಪೆಲೆಟ್, ಶೂಟಿಂಗ್ ಕನ್ನಡಕ ಮತ್ತು ತರಬೇತಿಗೆ. ಹೊಸದು ಕೈಗೆಟುಕದಿದ್ದರೆ ಹಳೆಯದು ತಪ್ಪಲ್ಲ, ಆದರೆ ಒಂದು ಕಡೆ ಜನ ತಪ್ಪದೆ ಮೋಸ ಹೋಗುತ್ತಾರೆ: ಗಾಳಿಯ ಸಿಲಿಂಡರು. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತದೆ. ಅದರ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಅವಧಿಯೊಳಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಶೂಟರನದೇ. ‘ಒಮ್ಮೆಯೂ ಬಳಸಿಲ್ಲ ಸಾರ್’ ಅಂದರೂ ಲೆಕ್ಕ ಶುರುವಾಗುವುದು ಕೆತ್ತಿದ ತಾರೀಖಿನಿಂದ. ಅವಧಿ ಮುಗಿದ ಎರಡು ಸಿಲಿಂಡರಿನ ಜೊತೆ ಬಂದ ‘ಅಗ್ಗದ’ ಪಿಸ್ತೂಲು, ಹೊಸ ಸಿಲಿಂಡರ್ ಕೊಂಡ ಮೇಲೆ ಅಗ್ಗವಾಗಿ ಉಳಿಯುವುದಿಲ್ಲ. ಜೊತೆಗೆ ಗಾಳಿ ತುಂಬಿ ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ನೋಡಿಡಿ, ಮರುದಿನ ಅಲ್ಲೇ ಇರಬೇಕು. ಹಿಂದಿನ ಸೈಟಿನ ಪ್ರತಿ ಕ್ಲಿಕ್ ಕೈಗೆ ತಿಳಿಯಬೇಕು. ಕೊನೆಗೆ ಮೇಜಿನ ಮೇಲೆ ಆನಿಸಿ 10 ಮೀಟರಿನಿಂದ ಐದು ಪೆಲೆಟ್ ಹೊಡೆಯಿರಿ. ಐದೂ ಹತ್ತರ ವೃತ್ತದೊಳಗೆ, ಅಂದರೆ 11.5 ಮಿ.ಮೀ. ಅಗಲದೊಳಗೆ ಬೀಳದಿದ್ದರೆ ಬೇರೆ ಪೆಲೆಟ್ ಹಾಕಿ ನೋಡಿ, ಆಗಲೂ ಬೀಳದಿದ್ದರೆ ವಾಪಸು ಕೊಡಿ.

ವೇಗದ ಹಂಬಲ ತೀರಿಸಿಕೊಳ್ಳಲು ಐದು ಹೊಡೆತದ ಏರ್ ಪಿಸ್ತೂಲುಗಳೂ ಇವೆ, ಸ್ಟೈಯರ್ ಎಲ್‌ಪಿ 50 ಅಂಥದ್ದು. ಮೊದಲ ವರ್ಷಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದೊಂದೇ ಪೆಲೆಟ್ ಹಾಕುವ ಬಲವಂತವೇ ಒಳ್ಳೆಯ ಗುರು. ಎಡಚರ ಸಾಮಾನ್ಯ ತಪ್ಪು ಗುರಿಯ ಕೆಳ ಬಲಭಾಗದಲ್ಲಿ ಗುಂಪು ಬೀಳುವುದು. ಟ್ರಿಗರನ್ನು ಕಸಿದಂತೆ ಎಳೆದಾಗ ಹಾಗಾಗುತ್ತದೆ. ಬಹಳ ಜನ ಸೈಟಿನ ತಿರುಪು ತಿರುಗಿಸಿ ಗುಂಪನ್ನು ನಡುವಿಗೆ ತಂದು ಸಮಾಧಾನಪಡುತ್ತಾರೆ. ತಪ್ಪು ಅಲ್ಲೇ ಇರುತ್ತದೆ, ಕಾಣುವುದು ಮಾತ್ರ ನಿಲ್ಲುತ್ತದೆ. ಸೈಟು ಮುಟ್ಟುವ ಮೊದಲು ಬಿಳಿ ಗೋಡೆಯತ್ತ ಪೆಲೆಟ್ ಇಲ್ಲದೆ, ಗಾಳಿ ಬಿಡದ ಡ್ರೈ ಫೈರ್ ಸ್ಥಿತಿಯಲ್ಲಿ, ದಿನಕ್ಕೆ 40 ಸಲ ಟ್ರಿಗರ್ ಒತ್ತಿ. ಮುಂದಿನ ಸೈಟು ಅಲುಗಿದರೆ ನಿಮ್ಮ ಕಣ್ಣಿಗೇ ಕಾಣುತ್ತದೆ.

ಕನ್ನಡಕದ ಬಗ್ಗೆ: ಚೂಪಾಗಿ ಕಾಣಬೇಕಾದದ್ದು ಗುರಿಯಲ್ಲ, ಮುಂದಿನ ಸೈಟು. ಕಣ್ಣಿನ ಡಾಕ್ಟರಿಗೆ ನಿಮ್ಮ ಕಣ್ಣಿಂದ ಚಾಚಿದ ಕೈಯ ಸೈಟಿನವರೆಗಿನ ದೂರ ಅಳೆದು ಹೇಳಿ. ಸಾಮಾನ್ಯವಾಗಿ ದೂರದೃಷ್ಟಿಯ ನಂಬರಿಗೆ +0.50 ಅಥವಾ +0.75 ಸೇರಿಸಿ ಒಂದು ಗಾಜು ಮಾಡಿಸಿದರೆ ಸಾಕು. ಎಡಚರಾದರೂ ಬಲಗಣ್ಣು ಪ್ರಬಲವಾಗಿರುವವರು ಇದ್ದಾರೆ. ಮೊದಲೇ ಪರೀಕ್ಷಿಸಿ: ಎರಡೂ ಕಣ್ಣು ತೆರೆದು ಬೆರಳಿಂದ ದೂರದ ಕಂಬ ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ, ಯಾವ ಕಣ್ಣು ತೆರೆದಿರುವಾಗ ಬೆರಳು ಕಂಬದ ಮೇಲೇ ಉಳಿಯುತ್ತದೋ ಅದು ಪ್ರಬಲ ಕಣ್ಣು.

ಗೋದಾಮಿನಲ್ಲಿ 10 ಮೀಟರ್ ಅಳೆದು, ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರಕ್ಕೆ ಇಡಿ. ಹಿಂದೆ ಪೆಲೆಟನ್ನು ಕೆಳಕ್ಕೆ ತಿರುಗಿಸುವಂತೆ ಓರೆಯಾಗಿ ಬೆಸೆದ ಉಕ್ಕಿನ ಪೆಟ್ಟಿಗೆ, ಅದರ ಹಿಂದೆ ಪ್ಲೈವುಡ್. ಗುರಿಯ ಕಡೆ ಬಾಗಿಲಿದ್ದರೆ ಒಳಗಿಂದ ಚಿಲಕ. ಹಮಾಲರು ಓಡಾಡುವ ಹೊತ್ತಿನಲ್ಲಿ ಬೇಡ. ಸೀಸ ಮುಟ್ಟಿದ ಕೈ ತೊಳೆಯದೆ ಊಟ ಬೇಡ. ಹೊಲದಲ್ಲಿ, ಕಾಲುವೆ ಏರಿಯ ಮೇಲೆ ಹೊಡೆಯುವುದು ಬೇಡವೇ ಬೇಡ.

ಮುಂದಿನ ಮೆಟ್ಟಿಲು .22 ಬೋರಿನ, ಗುಂಡು ಹಾರಿಸುವ ಸ್ಪರ್ಧೆಯ ಪಿಸ್ತೂಲು. ಅದಕ್ಕೆ ಜಿಲ್ಲಾಧಿಕಾರಿಯವರ ಪರವಾನಗಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ರೈಫಲ್ ಸಂಸ್ಥೆಯ ಸದಸ್ಯತ್ವ, ಸ್ಪರ್ಧೆಯ ಅಂಕಪಟ್ಟಿ ಎಲ್ಲ ಬೇಕು. ಇವು ಕೈಗೆ ಬರುವ ಮೊದಲೇ ವ್ಯಾಪಾರಿಗೆ ಮುಂಗಡ ಕೊಟ್ಟರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಆ ಮೆಟ್ಟಿಲು ಹತ್ತಿದಾಗ ನಿಮಗೆ ಬೇಕಾದ ಆಟ 25 ಮೀಟರ್ ರ‍್ಯಾಪಿಡ್ ಫೈರ್. ಪಕ್ಕಪಕ್ಕದಲ್ಲಿ ಐದು ಗುರಿ, ತೋಳು 45 ಡಿಗ್ರಿ ಕೆಳಗೆ, ಸೂಚನೆ ಬಂದೊಡನೆ ಎತ್ತಿ ಐದಕ್ಕೂ ಒಂದೊಂದು ಗುಂಡು: ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಒಂದು ಗುರಿಯಿಂದ ಇನ್ನೊಂದಕ್ಕೆ ಕಣ್ಣು ಮೊದಲು ಹೋಗಿ, ಸೈಟು ಹಿಂದೆ ಬರುವ ಈ ಕಲೆ ಪ್ರ್ಯಾಕ್ಟಿಕಲ್ ಶೂಟಿಂಗ್‌ನ ಅರ್ಧ ಬಂಡವಾಳ. ನಮ್ಮ ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಸ್ಪರ್ಧೆಗಳ ಏಣಿಯೂ ಇಂಥ ಒಲಿಂಪಿಕ್ ಆಟಗಳ ಸುತ್ತಲೇ ಇದೆ.

ಐಪಿಎಸ್‌ಸಿಯನ್ನು ಕೈಯಾರೆ ಅನುಭವಿಸಬೇಕೆಂದರೆ ಆ ಆಟ ಬೇರೂರಿರುವ ಥಾಯ್ಲೆಂಡ್, ಫಿಲಿಪ್ಪೀನ್ಸ್‌ನಂಥ ಕಡೆ ಹೋಗಿ ಅಲ್ಲಿನ ರೇಂಜಿನ ಪಿಸ್ತೂಲಿನಲ್ಲೇ ಕಲಿಯಬಹುದು. 2022ರ ವಿಶ್ವ ಸ್ಪರ್ಧೆ ನಡೆದದ್ದು ಥಾಯ್ಲೆಂಡಿನ ಪಟ್ಟಾಯದಲ್ಲಿ. ಅಲ್ಲಿ ಪ್ರೊಡಕ್ಷನ್ ವರ್ಗ, ಅಂದರೆ ಕಾರ್ಖಾನೆಯಿಂದ ಬಂದ ಪಿಸ್ತೂಲನ್ನು ಹೆಚ್ಚು ಬದಲಿಸದೆ ಆಡುವ ವರ್ಗ ಕೇಳಿ. ಸಿಝಡ್ ಶ್ಯಾಡೊ 2 ಸುಮಾರು 1330 ಗ್ರಾಂ. ಆ ಭಾರ ಒದೆತವನ್ನು ಹೀರುತ್ತದೆ, ಸೈಟು ಬೇಗ ವಾಪಸಾಗುತ್ತದೆ. ಆದರೆ ಮೊದಲ ಹೊಡೆತದ ಟ್ರಿಗರ್ ಉದ್ದ ಮತ್ತು ಭಾರ, ಸಣ್ಣ ಕೈಗೆ ಕಷ್ಟ. ಗ್ಲಾಕ್‌ನಲ್ಲಿ ಎಲ್ಲ ಹೊಡೆತವೂ ಒಂದೇ ರೀತಿ, ಹೊಸ ಪೀಳಿಗೆಯವುಗಳಲ್ಲಿ ಮ್ಯಾಗಜಿನ್ ಬಿಡುಗಡೆಯ ಗುಂಡಿಯನ್ನು ಎಡಚರಿಗೆ ಬದಲಿಸಬಹುದು. ಹಗುರವಾದ್ದರಿಂದ ಹೆಚ್ಚು ಜಿಗಿಯುತ್ತದೆ. ನಿಮ್ಮಂಥವರಿಗೆ ಮೊದಲ ಬಾರಿ ಗ್ಲಾಕ್ ಸುಲಭ. ನಳಿಕೆ ಗುರಿಗಳ ದಿಕ್ಕಿನಿಂದ 90 ಡಿಗ್ರಿ ಗಡಿ ದಾಟಿ ಹಿಂದಕ್ಕೆ ತಿರುಗಿದರೆ, ಪಿಸ್ತೂಲು ಕೈಜಾರಿ ಬಿದ್ದರೆ ಅಲ್ಲಿಗೆ ಆಟ ಮುಗಿಯಿತು, ಅನರ್ಹ.

ಕೊನೆಯದು ನಮ್ಮ ಬಿಸಿಲು, ಧೂಳು. ಸಂಡೂರು, ಬಳ್ಳಾರಿ ಕಡೆಯ ಅದಿರಿನ ಕೆಂಪು ಧೂಳಿರಲಿ, ನಿಮ್ಮ ಗೋದಾಮಿನ ಹೊಟ್ಟಿನ ಪುಡಿಯಿರಲಿ, ಎಣ್ಣೆ ಕಂಡಲ್ಲಿ ಅಂಟುತ್ತದೆ. ಬೋಲ್ಟ್‌ಗೆ (ಪೆಲೆಟನ್ನು ನಳಿಕೆಯೊಳಗೆ ತಳ್ಳುವ ಭಾಗ) ಧಾರಾಳವಾಗಿ ಎಣ್ಣೆ ಬಿಟ್ಟವರ ಪಿಸ್ತೂಲು ತೆರೆದು ನೋಡಿದರೆ ಒಳಗೆ ಕುಂಕುಮ ಕಲಸಿದಂಥ ಕೆಸರು. ಅದು ಸವೆಸುವ ಪುಡಿಯಂತೆ ಲೋಹವನ್ನೂ ಸೀಲನ್ನೂ ತಿನ್ನುತ್ತದೆ. ತಯಾರಕರು ಹೇಳಿದ ಜಾಗಕ್ಕೆ ಮಾತ್ರ ಒಂದು ಹನಿ, ಉಳಿದೆಡೆ ಒಣ ಬಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ತುಂಬಿದ ಸಿಲಿಂಡರನ್ನು ಕಾರಿನಲ್ಲಿ ಬಿಡಬೇಡಿ. 20 ಡಿಗ್ರಿಯಲ್ಲಿ 200 ಬಾರ್ ಒತ್ತಡ ಇದ್ದ ಗಾಳಿ, ಮುಚ್ಚಿದ ಕಾರಿನಲ್ಲಿ 60 ಡಿಗ್ರಿ ತಲುಪಿದರೆ 227 ಬಾರ್ ಆಗುತ್ತದೆ. ಬೇಸಿಗೆಯಲ್ಲಿ 170ರವರೆಗೆ ತುಂಬಿ, ಸಿಲಿಂಡರನ್ನು ಪಿಸ್ತೂಲಿನಿಂದ ಬಿಚ್ಚಿ, ಒದ್ದೆ ಬಟ್ಟೆಯಲ್ಲಲ್ಲ, ಒಣ ಟವೆಲ್ಲಿನಲ್ಲಿ ಸುತ್ತಿ ನಿಮ್ಮ ಜೊತೆಗೇ ಒಯ್ಯಿರಿ.